ರೊಸಾಲ್ಬಾಳ ಹೆಸರು

ಜಗಳ ಶುರುವಾದದ್ದು ಬಟಾಣಿ ಸೂಪಿನ ಮೇಲೆ. ಸೂಪಿನ ತಪ್ಪೇನೂ ಇರಲಿಲ್ಲ, ಪಾಪ. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲವೆಂದು ಅದರಲ್ಲಿ ಹಂದಿಮಾಂಸ ಬಿದ್ದಿರಲಿಲ್ಲ, ಅಷ್ಟೆ. ದೆಲ್ವಿನಾ ಮುದುಕಿ ಎಲ್ಲರ ತಟ್ಟೆಗೂ ಬಡಿಸಿ, ಕೊನೆಗೆ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಸುರಿದು, ಅವಳ ತುಂಬಿದ ಹೊಟ್ಟೆಯ ಕಡೆ ನೋಡಿ ನಕ್ಕಳು.

“ತಿನ್ನು, ತಿನ್ನು. ನಮ್ಮ ರೊಸಾಲ್ಬಾಗೂ ಹೋಗ್ಬೇಕಲ್ಲ.”

ಬ್ಲಾಂದೀನ್ ಬಾಯಿಗೆ ಒಯ್ಯುತ್ತಿದ್ದ ಚಮಚವನ್ನು ತಟ್ಟೆಯಲ್ಲಿಟ್ಟಳು.

“ಯಾರಿಗೆ, ಅತ್ತೆ?”

“ರೊಸಾಲ್ಬಾಗೆ. ಹುಡುಗಿಯಾದ್ರೆ ಬೇರೆ ಇನ್ನೇನು ಹೆಸರು?”

“ರೊಸಾಲ್ಬಾ ಚರ್ಚಿನ ಹಿಂದೆ ಮಲಗಿದಾಳೆ.”

ಬ್ರೆಡ್ಡು ಮುರಿಯುತ್ತಿದ್ದ ಮಾವ ತೆಲೆಸ್ಫೋರ್ ಮುರಿಯುವುದನ್ನು ನಿಲ್ಲಿಸಿದ. ಗಂಡ ಒವೀದ್ ತಲೆ ತಗ್ಗಿಸಿ ಸೂಪು ಕುಡಿಯುತ್ತಲೇ ಇದ್ದ. ಮನೆಯಲ್ಲಿ ಮಾತಿಗೆ ಮಾತು ಹತ್ತಿಕೊಂಡಾಗಲೆಲ್ಲ ಅವನಿಗೆ ವಿಪರೀತ ಹಸಿವಾಗುತ್ತಿತ್ತು.

“ಗೊತ್ತಮ್ಮ, ನನ್ನ ಕೈಯಾರೆ ಬಟ್ಟೆ ತೊಡ್ಸಿ ಮಲಗ್ಸಿದೀನಿ,” ಅಂದಳು ದೆಲ್ವಿನಾ. “ಅದಕ್ಕೇ ಹೇಳ್ತಿರೋದು. ಮಗು ಹೋದ್ರೂ ಹೆಸರು ಹೋಗ್ಬಾರ್ದು. ಹೋದವಳ ಹೆಸರು ಮುಂದಿನವಳಿಗೆ. ನಮ್ಮಲ್ಲಿ ಮೊದಲಿಂದ ನಡೆದು ಬಂದಿರೋದೇ ಹಾಗೆ. ನನ್ನ ಮೊದಲನೇ ಆಲ್ಸೀದ್ ಆರು ತಿಂಗಳಿಗೇ ಹೋದ. ಮುಂದಿನವನಿಗೂ ಆಲ್ಸೀದ್ ಅಂತ್ಲೇ ಇಟ್ಟೆ. ಈಗ ನೋಡು, ಕಾಡಲ್ಲಿ ಮರ ಕಡೀತಾ ಎತ್ತಿನ ಹಾಗಿದಾನೆ.”

“ಮೊದಲನೇ ಆಲ್ಸೀದ್ ಅಂತ ಒಬ್ಬನಿದ್ದ ಅಂತ ನನಗೆ ಇವತ್ತೇ ಗೊತ್ತಾಗಿದ್ದು ಅತ್ತೆ. ಈ ಮನೆಗೆ ಬಂದು ನಾಲ್ಕು ವರ್ಷ ಆಯ್ತು.”

“ನನಗೂ,” ಅಂದ ಒವೀದ್, ತಟ್ಟೆಯಿಂದ ತಲೆಯೆತ್ತದೆ. “ನನಗೂ ಇವತ್ತೇ ಗೊತ್ತಾಗಿದ್ದು.”

ದೆಲ್ವಿನಾ ಮಗನನ್ನು ದುರುಗುಟ್ಟಿ ನೋಡಿ ಸೌಟನ್ನು ಪಾತ್ರೆಗೆ ಹಾಕಿದಳು. ಆ ದಿನದ ಊಟ ಅಲ್ಲಿಗೇ ಮುಗಿಯಿತು.

ಆ ಊರಿನಲ್ಲಿ ಹೆಸರಿಡುವುದೆಂದರೆ ಅಪ್ಪ ಅಮ್ಮನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಹೆಣ್ಣಾದರೆ ಮೊದಲು ಮರಿಯಾ ತಾಯಿಯ ಹೆಸರಾದ ಮರಿ, ಗಂಡಾದರೆ ಜೊಸೆಫ್. ಅದು ದೇವರ ಪಾಲು. ಎರಡನೆಯದು ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿಕೊಂಡು ಹೋಗುವ ಜ್ಞಾನತಾಯಿಯ ಅಥವಾ ಜೊತೆಗೆ ನಿಲ್ಲುವ ಜ್ಞಾನತಂದೆಯ ಹೆಸರು. ಮೂರನೆಯದು ಕರೆಯುವ ಹೆಸರು, ಅದನ್ನು ಜ್ಞಾನಸ್ನಾನದ ತೊಟ್ಟಿಯ ಮುಂದೆ ಪಾದ್ರಿಗೆ ಹೇಳುವವಳೂ ಜ್ಞಾನತಾಯಿಯೇ. ಮಗು ಹುಟ್ಟಿದ ಮಾರನೆಯ ದಿನವೇ ಅದನ್ನು ಚರ್ಚಿಗೆ ಒಯ್ಯಬೇಕು. ಹೆತ್ತವಳು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲವಾದ್ದರಿಂದ, ತನ್ನ ಕೂಸಿಗೆ ಏನು ಹೆಸರಾಯಿತೆಂದು ಅವಳಿಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತಿತ್ತು. ಎರಡನೇ ಮಗುವಿಗೆ ತವರಿನ ಕಡೆಯವರು ಜ್ಞಾನತಾಯಿಯಾಗುವುದು ವಾಡಿಕೆ. ಆದರೆ ಬ್ಲಾಂದೀನ್‌ಳ ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಹಾಗಾಗಿ, ರೊಸಾಲ್ಬಾಳನ್ನು ಎತ್ತಿಕೊಂಡು ಹೋಗಿದ್ದ ದೆಲ್ವಿನಾಳ ಕೈಯೇ ಈ ಮಗುವನ್ನೂ ಎತ್ತಿಕೊಂಡು ಹೋಗುವುದೆಂದು ಯಾರೂ ಕೇಳದೆಯೇ ತೀರ್ಮಾನವಾಗಿತ್ತು.

ರೊಸಾಲ್ಬಾ ಹೋದದ್ದು ಹಿಂದಿನ ವರ್ಷದ ಜನವರಿಯಲ್ಲಿ, ಗಂಟಲಮಾರಿಯಿಂದ. ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿ ಗುಂಡಿ ತೋಡುವುದಕ್ಕಾಗದೆ, ಚಳಿಗಾಲದಲ್ಲಿ ಸತ್ತವರನ್ನೆಲ್ಲ ಇಡುವ ಸ್ಮಶಾನದ ಕಲ್ಲುಕೋಣೆಯಲ್ಲಿ ಪುಟ್ಟ ಪೆಟ್ಟಿಗೆಯನ್ನಿಟ್ಟು ಬಂದಿದ್ದರು. ಮೇ ತಿಂಗಳವರೆಗೆ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಬ್ಲಾಂದೀನ್ ಆ ಕಬ್ಬಿಣದ ಬಾಗಿಲ ಮುಂದೆ ನಿಲ್ಲುತ್ತಿದ್ದಳು. ಪಕ್ಕದಲ್ಲಿ ಅತ್ತೆ ಅವಳ ತೋಳು ಹಿಡಿದು ನಿಲ್ಲುತ್ತಿದ್ದಳು, ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಅತ್ತೆ ಕೆಟ್ಟವಳಾಗಿದ್ದರೆ ಜಗಳ ಎಷ್ಟೋ ಸುಲಭವಾಗಿರುತ್ತಿತ್ತು ಎಂದು ಬ್ಲಾಂದೀನ್‌ಗೆ ಎಷ್ಟೋ ಸಲ ಅನ್ನಿಸಿತ್ತು.

ಸೂಪಿನ ಜಗಳವಾದ ಮಾರನೆಯ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋಗಿ, ಹಾಲು ಕರೆಯುತ್ತಿದ್ದ ಗಂಡನ ಪಕ್ಕ ನಿಂತಳು.

“ಒವೀದ್, ನೀನು ಪಾದ್ರಿಗೆ ಹೇಳು. ರೊಸಾಲ್ಬಾ ಅಂತ ಇಡಕೂಡ್ದು.”

“ಪಾದ್ರಿ ಕೇಳೋದು ಜ್ಞಾನತಾಯೀನ. ಮಧ್ಯೆ ನಾನು ಬಾಯಿ ಹಾಕೋದು ಹೇಗೆ?”

“ನೀನು ಮಗುವಿನ ಅಪ್ಪ ಅಲ್ವಾ? ಬಾಯಿಲ್ವಾ ನಿನಗೆ?”

“ಅಮ್ಮನ ಮುಂದೆ ಇಲ್ಲ,” ಅಂದ ಒವೀದ್. ಸುಳ್ಳು ಹೇಳುವ ಗಂಡಸಲ್ಲ ಅವನು. “ಅಲ್ಲ, ಅದೇ ಹೆಸರಾದ್ರೆ ಏನು ಬ್ಲಾಂದೀನ್? ಅಮ್ಮನಿಗೂ ಸಮಾಧಾನ. ನಮಗೂ ಆ ಹೆಸರು ಅಂದ್ರೆ ಪ್ರೀತಿ ತಾನೆ?”

“ಪ್ರೀತಿ ಇರೋದಕ್ಕೇ ಬೇಡ ಅಂತಿರೋದು. ಆಮೇಲೆ ರೊಸಾಲ್ಬಾ ಅಂದ್ರೆ ಯಾರು? ಅಂಗಳದಲ್ಲಿ ಓಡಾಡೋಳು. ಮಣ್ಣಲ್ಲಿರೋಳು ಯಾರು? ಯಾರೂ ಅಲ್ಲ. ನಿನ್ನ ಮೊದಲನೇ ಆಲ್ಸೀದಣ್ಣನ ಹಾಗೆ. ಇಷ್ಟು ವರ್ಷ ಅವನ ಸುದ್ದಿ ಎತ್ತಿದೋರು ಯಾರಿದಾರೆ ಈ ಮನೇಲಿ?”

ಒವೀದ್ ಕೆಚ್ಚಲನ್ನು ಒರೆಸಿದ.

“ಕಡ್ಡಿ ಮುರಿದ ಹಾಗೆ ಹೇಳ್ತಿದೀನಿ ಕೇಳು. ಆ ಹೆಸರಿಟ್ಟು ತಂದ್ರೆ ಆ ಮಗುನ ನಾನು ಕೈಗೆ ತಗೊಳಲ್ಲ.”

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಒವೀದ್ ಎದ್ದು ನಿಂತ. ಹಾಲಿನ ಬಕೆಟ್ಟು ವಾಲಿ ಅರ್ಧ ಹಾಲು ಹುಲ್ಲಿಗೆ ಚೆಲ್ಲಿತು.

“ಬಿಡ್ತು ಅನ್ನು. ಬಸುರಿ ಹೆಂಗಸು ಆಡೋ ಮಾತಾ ಇದು?”

“ಅಂದಾಯ್ತು. ನಿಮ್ಮಮ್ಮಂಗೂ ಹೇಳು ಬೇಕಾದ್ರೆ.”

ಹೇಳುವ ಧೈರ್ಯ ಒವೀದ್‌ಗೆ ಎಲ್ಲಿಂದ ಬರಬೇಕು? ಹಾಲು ಏಕೆ ಕಡಿಮೆಯಾಯಿತೆಂದು ಅಮ್ಮ ಕೇಳಿದ್ದಕ್ಕೆ ಹಸು ಒದೆಯಿತು ಅಂದ. ಪಾಪದ ಹಸು, ಎರಡು ದಿನ ಮುದುಕಿಯ ಬೈಗುಳ ತಿಂದಿತು.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಈಸ್ಟರ್ ಕಳೆದ ಮೇಲೆ ತೆಲೆಸ್ಫೋರ್ ಮತ್ತು ದೆಲ್ವಿನಾರ ಮದುವೆಗೆ ಐವತ್ತು ವರ್ಷ ತುಂಬುವುದಿತ್ತು. ಮಗಳು ಫೆರ್ನಾಂದ್ ಪಕ್ಕದ ಊರಿನಲ್ಲಿ ಟೀಚರು. ಮದುವೆಯಾಗದ ಹೆಂಗಸು, ಮಾತು ಚುರುಕು. ಹಬ್ಬಕ್ಕೆ ಅಪ್ಪ ಅಮ್ಮನಿಗೆ ವಂಶವೃಕ್ಷ ಬರೆಸಿ, ಕಟ್ಟು ಹಾಕಿಸಿ, ಹಜಾರದ ಗೋಡೆಗೆ ತೂಗುಹಾಕುತ್ತೇನೆಂದು ಅವಳು ಚಳಿಗಾಲವೆಲ್ಲ ಮಂಜಿನ ಮೇಲೆ ಜಾರುವ ಸ್ಲೆಡ್ಜು ಹತ್ತಿ, ಹುಟ್ಟು ಸಾವು ಬರೆದಿಡುವ ಪಾದ್ರಿಮನೆಗಳನ್ನು ಅಲೆದಿದ್ದಳು. ಶನಿವಾರ ಬಂದರೆ ಭಾನುವಾರ ಸಂಜೆಯವರೆಗೂ ಊಟದ ಮೇಜಿನ ಅರ್ಧ ಅವಳ ಕಾಗದಗಳಿಗೇ ಬೇಕು.

“ಅಪ್ಪಾ, ನಮ್ಮ ಮೂಲ ಅಜ್ಜ ಫ್ರಾನ್ಸಿಂದ ಸಮುದ್ರ ದಾಟಿ ಈ ದೇಶಕ್ಕೆ ಸಿಪಾಯಿಯಾಗಿ ಬಂದವನು. ಮನೆಹೆಸರು ಗಾರಾನ್. ಪಟಾಲಮ್ಮಿನಲ್ಲಿ ಇಟ್ಟ ಅಡ್ಡಹೆಸರು ಲಾರೋಜ್. ಅವನ ಮಕ್ಕಳಲ್ಲಿ ಅರ್ಧ ಜನ ಗಾರಾನ್ ಆದ್ರು, ಅರ್ಧ ಜನ ಲಾರೋಜ್ ಆದ್ರು.”

“ಹಾಗಾದ್ರೆ ಹಳ್ಳದಾಚೆ ಲಾರೋಜ್‌ಗಳು ನಮ್ಮೋರೇನೆ?” ತೆಲೆಸ್ಫೋರ್ ಚುಂಗಾಣಿಯನ್ನು ಬಾಯಿಂದ ತೆಗೆದ. “ನಲವತ್ತು ವರ್ಷದಿಂದ ಆ ಕಳ್ಳರ ಜೊತೆ ಬೇಲಿ ಜಗಳ ಆಡ್ತಿದೀನಲ್ಲೇ.”

“ದಾಯಾದಿ ಜಗಳ ಅಂತ ಈಗ ಗೊತ್ತಾಯ್ತಲ್ಲ,” ಅಂದಳು ಫೆರ್ನಾಂದ್.

ಮಾರ್ಚ್ ನಡುವಿನ ಒಂದು ಭಾನುವಾರ, ಅತ್ತೆ ಸೊಸೆ ಇಬ್ಬರೂ ಒಲೆಯ ಬಳಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾಗ, ಫೆರ್ನಾಂದ್ ಕಾಗದಗಳ ನಡುವಿನಿಂದ ತಲೆಯೆತ್ತಿದಳು. ಹಿಂದಿನ ದಿನ ಅವಳು ನದಿಯಾಚೆ, ದೆಲ್ವಿನಾಳ ತವರೂರಿನ ಚರ್ಚಿಗೆ ಹೋಗಿಬಂದಿದ್ದಳು.

“ಅಮ್ಮಾ, ನೀನು ಹುಟ್ಟಿದ್ದು ಯಾವಾಗ?”

“ಮಾರ್ಚಲ್ಲಿ. ಮೊನ್ನೆ ತಾನೆ ಎಪ್ಪತ್ತೆರಡು ತುಂಬ್ತು. ನೀನೇ ಶಾಲು ತಂದ್ಕೊಟ್ಟೆ.”

“ಮಾರ್ಚ್ ಅಂತ ಯಾರು ಹೇಳಿದ್ರು?”

“ಮದುವೆಗೆ ನಮ್ಮೂರಿಂದ ಕಾಗದ ತರಿಸಿದ್ರಲ್ಲ, ಪಾದ್ರಿ ಓದಿ ಹೇಳಿದ್ದು. ಅಲ್ಲೀವರೆಗೂ ನಮ್ಮಲ್ಲಿ ಹುಟ್ಟಿದ ದಿನ ಯಾರು ಲೆಕ್ಕ ಇಟ್ಟಿದ್ರು? ಯಾಕೆ?”

“ನಿಮ್ಮೂರ ಚರ್ಚಿನ ಪುಸ್ತಕದಲ್ಲಿ ಇಬ್ಬರು ದೆಲ್ವಿನಾ ಇದಾರಮ್ಮ. ಅದೇ ಅಪ್ಪ, ಅದೇ ಅಮ್ಮ. ಮಾರ್ಚಲ್ಲಿ ಹುಟ್ಟಿದವಳು ಒಂದೂವರೆ ವರ್ಷ ತುಂಬೋದರೊಳಗೆ ತೀರ್ಕೊಂಡಿದಾಳೆ. ಮಣ್ಣು ಮಾಡಿದ್ದೂ ಬರೆದಿದೆ. ಅವಳು ಹೋದ ಮುಂದಿನ ವರ್ಷ ಅಕ್ಟೋಬರಲ್ಲಿ ಇನ್ನೊಬ್ಬಳು ಹುಟ್ಟಿ, ಅದೇ ಹೆಸರು. ಮದುವೆ ಹೊತ್ತಲ್ಲಿ ಅಲ್ಲಿಯ ಪಾದ್ರಿ ಮೊದಲು ಕಣ್ಣಿಗೆ ಬಿದ್ದ ದೆಲ್ವಿನಾಳ ಕಾಗದ ಕಳ್ಸಿಬಿಟ್ಟಿದಾನೆ. ನೀನು ಎರಡನೆಯವಳು.”

ದೆಲ್ವಿನಾ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಬಿಟ್ಟ ಬಾಯಿ ಬಿಟ್ಟಂತೆ ಕೂತವನು ತೆಲೆಸ್ಫೋರ್.

“ಅಂದ್ರೆ ಇವಳು ನನಗಿಂತ ಚಿಕ್ಕವಳಾ? ಐವತ್ತು ವರ್ಷದಿಂದ ‘ನಿನಗಿಂತ ಒಂದು ವರ್ಷ ದೊಡ್ಡವಳು, ಹೇಳಿದ ಮಾತು ಕೇಳು’ ಅಂತ ನನ್ನ ಕಿವಿ ಹಿಂಡ್ತಾ ಬಂದಿದಾಳಲ್ಲೇ. ನನಗೆ ಆ ವರ್ಷಗಳನ್ನೆಲ್ಲ ವಾಪಸ್ ಕೊಡ್ಸೋರು ಯಾರು?”

“ಸುಮ್ನಿರು ಮುದುಕಾ. ಚಿಕ್ಕವಳಾಗಿದ್ರೂ ನಿನ್ನ ಕಿವಿ ಹಿಂಡ್ತಿದ್ದೆ,” ಅಂದಳು ದೆಲ್ವಿನಾ. ಆದರೆ ನಗಲಿಲ್ಲ. ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡು, ಸೊಸೆಯ ಕಡೆ ತಿರುಗಿದಳು. “ಕೇಳಿಸ್ಕೊಂಡ್ಯಾ ಬ್ಲಾಂದೀನ್? ನಾನೇ ಸಾಕ್ಷಿ. ಸತ್ತವಳ ಹೆಸರು ಹೊತ್ಕೊಂಡು ಇಷ್ಟು ವರ್ಷ ಬಾಳಿದೀನಿ. ಹನ್ನೊಂದು ಹೆತ್ತಿದೀನಿ. ಏನಾಗಿದೆ ನನಗೆ?”

“ಮೊದಲನೇ ದೆಲ್ವಿನಾ ಬಗ್ಗೆ ನಿಮ್ಮಮ್ಮ ಏನು ಹೇಳಿದ್ರು ಅತ್ತೆ?”

“ಏನೂ ಹೇಳ್ಲಿಲ್ಲ. ಹೇಳೋಕೆ ಏನಿರುತ್ತೆ? ನನಗೆ ಹನ್ನೆರಡು ತುಂಬೋದರೊಳಗೆ ಅವಳೂ ಹೋದ್ಲು.”

“ಅದನ್ನೇ ನಾನು ಹೇಳ್ತಿರೋದು. ಏನೂ ಹೇಳ್ಲಿಲ್ಲ.”

“ನಿನ್ನ ಜೊತೆ ವಾದ ಮಾಡೋಕೆ ನನ್ನ ಕೈಲಾಗಲ್ಲ. ಜ್ಞಾನತಾಯಿ ನಾನು. ಹೆಸರು ಹೇಳೋ ಬಾಯಿ ನಂದು.” ಮುದುಕಿ ಚಾಕು ಕೆಳಗಿಟ್ಟು ಎದ್ದು ಹೋದಳು. ಮಿಕ್ಕ ಆಲೂಗಡ್ಡೆಯನ್ನೆಲ್ಲ ಬ್ಲಾಂದೀನ್ ಒಬ್ಬಳೇ ಸುಲಿದಳು.

ಫೆರ್ನಾಂದ್ ಬಂದು ಪಕ್ಕದಲ್ಲಿ ಕೂತು, “ತಪ್ಪಾಯ್ತು ಮಾರಾಯ್ತಿ. ನಿನ್ನ ಕಡೆ ವಾದಕ್ಕೆ ಆಗುತ್ತೆ ಅಂತ ಹೇಳ್ದೆ. ಅಮ್ಮನ ಕೈಗೇ ದೊಣ್ಣೆ ಕೊಟ್ಟ ಹಾಗಾಯ್ತು,” ಅಂದಳು.

ಆ ವಾರ ಸಂಜೆಯ ಜಪಸರದಲ್ಲಿ ಒಂದು ವಿಚಿತ್ರವಾಯಿತು. ಊಟದ ಪಾತ್ರೆ ತೊಳೆದ ಮೇಲೆ ಎಲ್ಲರೂ ಅಡುಗೆಮನೆಯಲ್ಲೇ ಮಂಡಿಯೂರಿ, ಕುರ್ಚಿಗಳಿಗೆ ಮೊಣಕೈ ಕೊಟ್ಟು ಜಪ ಹೇಳುವುದು ಪದ್ಧತಿ. ಕೊನೆಯಲ್ಲಿ ದೆಲ್ವಿನಾ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಆ ದಿನ ಅವಳ ಅತ್ತೆ ಮಾವನ ಹೆಸರಾಯಿತು, ಅಣ್ಣನ ಹೆಸರಾಯಿತು, ರೊಸಾಲ್ಬಾಳದ್ದಾಯಿತು. ಆಮೇಲೆ ಅವಳು, “ದೆಲ್ವಿನಾಳ ಆತ್ಮಕ್ಕಾಗಿ,” ಅಂದಳು. ಅಂದವಳೇ ಸುಮ್ಮನಾದಳು. ತನ್ನ ಹೆಸರನ್ನು ಸತ್ತವರ ಸಾಲಿನಲ್ಲಿ ತಾನೇ ಕೇಳಿದ ಮುದುಕಿಯ ಮುಖ ಸುಣ್ಣದಂತಾಗಿತ್ತು. ಮುಂದಿನ ‘ನಮೋ ಮರಿಯಾ’ ಜಪವನ್ನು ತೆಲೆಸ್ಫೋರ್ ಎತ್ತಿಕೊಂಡು ಮುಗಿಸಬೇಕಾಯಿತು.

ಬ್ಲಾಂದೀನ್‌ಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಸತ್ತ ಅಕ್ಕನಿಗೆ ಬಾಕಿಯಿದ್ದ ಜಪ ಒಪ್ಪಿಸಿ, ರೊಸಾಲ್ಬಾ ಅಂತಲೇ ಹೆಸರಿಡಲು ಅತ್ತೆ ಹಾದಿ ಚೊಕ್ಕ ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡಳು. ಅಷ್ಟೇ ಅಲ್ಲ, ಮುಂದಿನ ಶನಿವಾರ ಫೆರ್ನಾಂದ್ ಬಂದಾಗ ದೆಲ್ವಿನಾ ಅವಳನ್ನು ಹಜಾರಕ್ಕೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಹಬ್ಬ ಮತ್ತು ಸಾವು ಬಿಟ್ಟರೆ ತೆರೆಯದ ಹಜಾರ ಅದು. ಸೌದೆ ಹಾಕುವ ನೆಪದಲ್ಲಿ ಬ್ಲಾಂದೀನ್ ಒಳಗೆ ಹೋದರೆ ಇಬ್ಬರೂ ಗಪ್ಪಾದರು. ಮೇಜಿನ ತುಂಬ ಕಾಗದ ಹರಡಿತ್ತು.

“ಏನು ನಡೀತಿದೆ ಫೆರ್ನಾಂದ್?” ಎಂದು ಆಮೇಲೆ ಅವಳನ್ನು ಅಂಗಳದಲ್ಲಿ ಹಿಡಿದಳು.

“ಕೇಳ್ಬೇಡ. ಅಮ್ಮ ಆಣೆ ಹಾಕ್ಸಿದಾಳೆ.”

“ನೀನೂ ಅವರ ಕಡೆ ಸೇರ್ಕೊಂಡ್ಯಾ?”

“ನಾನು ಯಾರ ಕಡೇನೂ ಅಲ್ಲಮ್ಮ. ನನ್ನ ಪಾಡಿಗೆ ನನ್ನ ಬಿಡು.”

“ಓದಿದೋರು ಹೀಗೇ. ಕಷ್ಟಕಾಲದಲ್ಲಿ ಯಾರ ಕಡೇನೂ ಇರಲ್ಲ,” ಅಂದು ಬ್ಲಾಂದೀನ್ ಸೌದೆ ಬುಟ್ಟಿಯನ್ನು ಅವಳ ಕಾಲ ಬಳಿಯೇ ಎತ್ತಿಹಾಕಿ ಒಳಗೆ ಹೋದಳು. ಆ ಭಾನುವಾರ ಇಬ್ಬರಿಗೂ ಮಾತಿಲ್ಲ.

ಮೇಪಲ್ ಮರಗಳ ರಸ ಇಳಿಯಲು ಶುರುವಾಗಿ ಗಂಡಸರಿಬ್ಬರೂ ಹಗಲೆಲ್ಲ ಕಾಡಿನ ಗುಡಿಸಲಲ್ಲಿ ಪಾಕ ಕಾಯಿಸುವುದರಲ್ಲಿದ್ದರು. ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಒಬ್ಬಳು ಹಿಟ್ಟು ನಾದಿದರೆ ಇನ್ನೊಬ್ಬಳು ಒಲೆ ನೋಡುತ್ತಿದ್ದಳು. ಉಪ್ಪು ಎಲ್ಲಿ, ಹಾಲು ಕಾಯ್ತಾ ಅನ್ನುವುದು ಬಿಟ್ಟರೆ ಮಾತು ನಿಂತೇಹೋಗಿತ್ತು. ಒಂದು ಬೆಳಿಗ್ಗೆ ದೆಲ್ವಿನಾ ಪೆಟ್ಟಿಗೆಯಿಂದ ಜ್ಞಾನಸ್ನಾನದ ಬಿಳಿ ಅಂಗಿಯನ್ನು ತೆಗೆದು, ಒಗೆದು, ಒಲೆಯ ಮೇಲಿನ ತಂತಿಗೆ ಹಾಕಿದಳು. ರೊಸಾಲ್ಬಾ ತೊಟ್ಟಿದ್ದ ಅಂಗಿ. ಬ್ಲಾಂದೀನ್ ಅದನ್ನು ನೋಡಿ ಅಲ್ಲೇ ಕುರ್ಚಿ ಹಿಡಿದು ನಿಂತಳು.

“ಇದಕ್ಕೂ ಬೇಡ ಅಂತೀಯಾ?”

“ಇಲ್ಲ. ಅಂಗಿ ಹಾಕಿ. ಅಂಗಿ ಒಗೆದ್ರೆ ಹೋಗುತ್ತೆ, ಹೆಸರು ಒಗೆಯೋಕಾಗಲ್ಲ.”

“ನಿನ್ನ ನಾಲಗೆ ಒಂದು ಸ್ವಲ್ಪ ಗಿಡ್ಡ ಇದ್ದಿದ್ರೆ ಚೆನ್ನಾಗಿತ್ತು ಕಣೇ.”

“ನಿಮ್ಮ ಮನೇಲೇ ಬೆಳೆದದ್ದು ಅತ್ತೆ. ಬರುವಾಗ ಸರಿಯಾಗೇ ಇತ್ತು.”

ದೆಲ್ವಿನಾ ಅಂಗಿಯ ತೋಳನ್ನು ನೇರ ಮಾಡಿದಳು. ಬೇರೆ ದಿನವಾಗಿದ್ದರೆ ಈ ಮಾತಿಗೆ ಊರಿಗೆಲ್ಲ ಕೇಳಿಸುವಂತೆ ಕೂಗಾಡುತ್ತಿದ್ದಳು. ಮುದುಕಿ ಇತ್ತೀಚೆಗೆ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲವೆಂದು ಅವಳ ಕಣ್ಣೇ ಹೇಳುತ್ತಿತ್ತು.

ದಿನ ತುಂಬುತ್ತಿದ್ದಂತೆ ಮನೆಯವರೆಲ್ಲ ಒಳಗೊಳಗೇ ಗಂಡು ಮಗುವಾಗಲಿ ಎಂದು ಹರಕೆ ಹೊತ್ತರು. ಗಂಡಾದರೆ ಜೊಸೆಫ್, ಜಗಳ ಬಗೆಹರಿದ ಹಾಗೆ. ಒವೀದ್ ಸಂತ ಜೊಸೆಫರ ಪಟದ ಮುಂದೆ ಮೇಣದಬತ್ತಿ ಹಚ್ಚಿದ. ಬ್ಲಾಂದೀನ್ ಕೂಡ ಕೇಳಿಕೊಂಡದ್ದು ಗಂಡನ್ನೇ. ಕೇಳಿಕೊಂಡು, ಹೊಟ್ಟೆಯೊಳಗಿನ ಕೂಸಿಗೆ ದ್ರೋಹ ಮಾಡಿದಂತಾಯಿತೆಂದು ಅತ್ತಳು.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ ಬೆಳಿಗ್ಗೆ ನೋವು ಬಂತು. ಡಾಕ್ಟರು ಬಂದರು. ಪಕ್ಕದ ಮನೆಯ ಒಲಿವೀನ್ ಬಿಸಿನೀರಿಗೆ ನಿಂತಳು. ಇಡೀ ಹೊತ್ತು ಸೊಸೆಯ ಬೆನ್ನು ನೀವಿ, ಅವಳ ಉಗುರು ತನ್ನ ಕೈಗೆ ಚುಚ್ಚಿ ರಕ್ತ ಬಂದರೂ ಕೈ ಬಿಡಿಸಿಕೊಳ್ಳದೆ ಕೂತವಳು ದೆಲ್ವಿನಾ. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಮಗು ಅತ್ತಿತು.

“ಹೆಣ್ಣು,” ಅಂದರು ಡಾಕ್ಟರು.

ದೆಲ್ವಿನಾ ಕೂಸನ್ನು ಒರೆಸಿ, ಬಟ್ಟೆ ಸುತ್ತಿ, ಬ್ಲಾಂದೀನ್‌ಳ ತೋಳಿನೊಳಗೆ ಇಟ್ಟಳು. ತಲೆತುಂಬ ಕಪ್ಪು ಕೂದಲು. ರೊಸಾಲ್ಬಾಳದ್ದು ಬೋಳು ತಲೆಯಾಗಿತ್ತು, ಮೂಗೂ ಬೇರೆ. ಇವಳು ಅವಳಲ್ಲ, ಇವಳು ಬೇರೆಯೇ ಒಬ್ಬಳು ಎಂದು ಬ್ಲಾಂದೀನ್‌ಗೆ ಎದೆ ತುಂಬಿ ಬಂತು.

“ಅತ್ತೆ, ನೋಡಿ. ಸರಿಯಾಗಿ ನೋಡಿ ಇವಳ ಮುಖಾನ.”

“ನೋಡಿದೆ,” ಅಂದಳು ದೆಲ್ವಿನಾ. “ನಾಳೆ ಪೂಜೆ ಆದ ಮೇಲೆ ಜ್ಞಾನಸ್ನಾನ. ಈಗ ಮಲಕ್ಕೋ.”

ಮಾರನೆಯ ದಿನ ಹಾದಿಯಲ್ಲಿ ಮಂಜು ಕರಗಿ ಮೊಣಕಾಲುದ್ದ ಕೆಸರು. ಸ್ಲೆಡ್ಜು ಓಡದು, ಬಂಡಿ ಹೂಳುತ್ತದೆ. ಕೊನೆಗೆ ಬಂಡಿಯನ್ನೇ ಕಟ್ಟಿದರು. ಜ್ಞಾನತಂದೆಯಾಗಿ ತೆಲೆಸ್ಫೋರ್ ಮದುವೆಯ ಕೋಟು ಹಾಕಿಕೊಂಡು ಮುಂದೆ ಕೂತ. ಫೆರ್ನಾಂದ್ ಪಕ್ಕದ ಊರಿನಿಂದ ನೇರವಾಗಿ ಚರ್ಚಿಗೆ ಬರುವವಳಿದ್ದಳು. ದೆಲ್ವಿನಾ ಕಪ್ಪು ಟೋಪಿ ಹಾಕಿಕೊಂಡು, ಕೂಸನ್ನು ಎತ್ತಿಕೊಳ್ಳಲು ಮಂಚದ ಬಳಿ ಬಂದಳು.

“ಅತ್ತೆ, ಕೈ ಮುಗೀತೀನಿ. ಏನು ಹೆಸರು ಅಂತ ಹೇಳಿ ಹೋಗಿ.”

“ಹೆಸರು ತೊಟ್ಟಿ ಮುಂದೆ ಹೇಳೋದು. ಅದಕ್ಕೆ ಮುಂಚೆ ಹೇಳಿದ್ರೆ ಒಳ್ಳೇದಲ್ಲ.”

“ಅದೇ ಹೆಸರಾದ್ರೆ ನಾನು ಒವೀದ್‌ಗೆ ಏನು ಹೇಳಿದೀನಿ ಗೊತ್ತಾ?”

“ಗೊತ್ತು. ಹಸು ಒದೆಯಿತು ಅಂತ ನನ್ನ ಮಗ ಸುಳ್ಳು ಹೇಳೋಕೆ ಬಂದ್ರೆ ನನಗೆ ಗೊತ್ತಾಗಲ್ವಾ? ಎರಡು ದಿನ ಬಿಟ್ಟು ಬಾಯಿ ಬಿಡ್ಸಿದೆ.” ಮುದುಕಿ ಕೂಸನ್ನು ಎದೆಗೆ ಒತ್ತಿಕೊಂಡಳು. “ಹೆತ್ತ ತಾಯಿ ಆಡೋ ಮಾತಲ್ಲ ಅದು.”

ಹೊರಟೇ ಹೋದರು. ಕೊನೆಗೆ ಹೊಸಿಲು ದಾಟಿದ ಒವೀದ್ ತಿರುಗಿ ನೋಡಿ ಏನೋ ಹೇಳಲು ಬಾಯಿ ತೆರೆದ. ತಂದೆ ಹೊರಗಿನಿಂದ ಕೂಗಿದ. ಬಾಯಿ ಮುಚ್ಚಿಕೊಂಡು ನಡೆದ.

ಕಾವಲಿಗೆ ಉಳಿದದ್ದು ಒಲಿವೀನ್. ಒಳ್ಳೆಯ ಹೆಂಗಸು, ಬಾಯಿಗೆ ಮಾತ್ರ ಅಗುಳಿಯಿಲ್ಲ.

“ಅದೇ ಹೆಸರಾದ್ರೆ ಏನಮ್ಮ? ಕರೆಯೋಕೆ ನಾಲಗೆಗೆ ರೂಢಿ ಇರುತ್ತೆ. ನಮ್ಮತ್ತೆ ಮೂರು ಜೆರ್ಮೇನ್‌ನ ಹೂತು ನಾಲ್ಕನೆಯವಳನ್ನ ಉಳಿಸ್ಕೊಂಡ್ರು. ನಾಲ್ಕನೆಯವಳು ಈಗ ನನ್ನ ನಾದಿನಿ. ಸಾಯೋ ಸೂಚನೇನೇ ಇಲ್ಲ.”

“ಒಲಿವೀನಕ್ಕ, ದಮ್ಮಯ್ಯ ಸುಮ್ನಿರಿ.”

ಬ್ಲಾಂದೀನ್ ಹೊದಿಕೆ ಸರಿಸಿ ಕಾಲನ್ನು ನೆಲಕ್ಕಿಟ್ಟಳು. ಎದ್ದು ನಿಂತಳು. ಕಾಲು ಕಲ್ಲಿನಂತೆ ತಣ್ಣಗಾಯಿತು, ಕಣ್ಣು ಕತ್ತಲಿಟ್ಟಿತು. ಚರ್ಚು ಕಿಟಕಿಯಿಂದ ಕಾಣುತ್ತದೆ. ನಡೆದು ಹೋಗಿ ಬಾಗಿಲಲ್ಲಿ ನಿಂತು ಬೇಡ ಅಂದುಬಿಟ್ಟರೆ? ಹಾಸಿಗೆ ಬಿಟ್ಟು ಬಂದ ಬಾಣಂತಿಯನ್ನು ಪಾದ್ರಿ ಒಳಗೇ ಬಿಡುವುದಿಲ್ಲ. ಎರಡು ಹೆಜ್ಜೆಯಿಟ್ಟು ಗೋಡೆ ಹಿಡಿದಳು. ಒಲಿವೀನ್ ಓಡಿ ಬಂದು ಕಂಕುಳಿಗೆ ಕೈ ಹಾಕಿ ಮತ್ತೆ ಮಂಚಕ್ಕೆ ಕೂರಿಸಿದಳು. ಅಷ್ಟರಲ್ಲಿ ಗಂಟೆ ಮೊಳಗತೊಡಗಿತು. ಜ್ಞಾನಸ್ನಾನದ ಗಂಟೆ. ಅಲ್ಲಿಗೆ ಎಲ್ಲ ಮುಗಿಯಿತು. ಏನೆಂದು ಮುಗಿಯಿತೋ ಚರ್ಚಿನಲ್ಲಿದ್ದವರಿಗೆಲ್ಲ ಗೊತ್ತು, ತನಗೊಬ್ಬಳಿಗೇ ಗೊತ್ತಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬಂಡಿ ಬಂದದ್ದು ಕೇಳಿಸಿತು. ತಿರುಗಲಿಲ್ಲ. ಕೆಸರಿನ ಬೂಟಿನಲ್ಲೇ ಮೊದಲು ಒಳಗೆ ಬಂದವನು ಒವೀದ್.

“ಬ್ಲಾಂದೀನ್, ನಾನು ಬಾಯಿ ತೆಗೆದೆ. ಆಣೆ ಮಾಡಿ ಹೇಳ್ತೀನಿ, ‘ಅಲ್ಲ ಫಾದರ್’ ಅನ್ನೋಕೆ ಬಾಯಿ ತೆಗೆದೇ ಬಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಸುಮ್ನಿರು ಅಂತ ನನ್ನ ಕಾಲು ತುಳಿದ್ಲು.”

“ಬೂಟು ಬಿಚ್ಚೋ ದಡ್ಡ, ನೆಲವೆಲ್ಲ ಕೆಸರು ಮಾಡ್ದೆ,” ಎನ್ನುತ್ತ ದೆಲ್ವಿನಾ ಬಂದು ಅವನನ್ನು ಆಚೆ ದೂಡಿದಳು. ಬಾಗಿಲಲ್ಲಿ ನಿಂತಿದ್ದ ಒಲಿವೀನ್‌ಳನ್ನೂ ಕಳಿಸಿದಳು. ಕೂಸನ್ನು ತಂದು ಮಂಚದ ಮೇಲೆ, ಬ್ಲಾಂದೀನ್‌ಳ ಬೆನ್ನ ಹಿಂದೆ ಇಟ್ಟು, ಟೋಪಿ ತೆಗೆಯದೆಯೇ ಪಕ್ಕದ ಕುರ್ಚಿಯಲ್ಲಿ ಕೂತಳು.

“ಎತ್ಕೋ. ಇವಳ ಹೆಸರು ಸೋಲಾಂಜ್.”

ಬ್ಲಾಂದೀನ್ ತಿರುಗಿದಳು.

“ಫೆರ್ನಾಂದ್ ಹುಡುಕಿಕೊಟ್ಲು. ಗಾರಾನ್ ಕಡೆ, ನನ್ನ ತವರಿನ ಕಡೆ, ಎಂಟು ತಲೆಮಾರು. ಆ ಹೆಸರಲ್ಲಿ ನಮ್ಮೋರು ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. ಹೊಚ್ಚ ಹೊಸದು.” ದೆಲ್ವಿನಾ ಮೂಗು ಒರೆಸಿಕೊಂಡಳು. “ಹಾಗಂತ ಅದನ್ನೇ ಇಡ್ತೀನಿ ಅಂತ ನಾನು ಹೋಗ್ಲಿಲ್ಲ. ಬಾಗಿಲು ದಾಟೋವರೆಗೂ ಬಾಯಲ್ಲಿ ಎರಡು ಹೆಸರಿದ್ವು. ‘ಮರಿ ದೆಲ್ವಿನಾ ರೊಸಾಲ್ಬಾ ತಾನೆ?’ ಅಂದ ಪಾದ್ರಿ, ನಗ್ತಾ. ನನ್ನ ಬುದ್ಧಿ ಊರಿಗೆಲ್ಲ ಗೊತ್ತಲ್ಲ. ಆ ಎರಡು ಹೆಸರು ಒಟ್ಟಿಗೆ ಕಿವಿಗೆ ಬಿದ್ದಾಗ ನನಗೆ ನಮ್ಮಮ್ಮನ ನೆನಪಾಯ್ತು.”

ಮುದುಕಿ ಕೂಸಿನ ಹೊದಿಕೆ ಸರಿಮಾಡಿದಳು.

“ನಮ್ಮಮ್ಮ ನನ್ನ ಒಂದು ದಿನವೂ ಹೆಸರು ಹಿಡಿದು ಕರೀಲಿಲ್ಲ ಬ್ಲಾಂದೀನ್. ನಮ್ಮಣ್ಣಂದಿರನ್ನೆಲ್ಲ ಹೆಸರಿಟ್ಟು ಕೂಗೋಳು. ನನ್ನ ‘ಏ ಚಿಕ್ಕದೇ’ ಅನ್ನೋಳು. ಸಾಯೋ ದಿನವೂ ‘ಚಿಕ್ಕದೇ, ನೀರು ಕೊಡು’ ಅಂದ್ಲು. ನನ್ನ ಮೇಲೆ ಏನೋ ಮುನಿಸು ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ಪಾಪ, ಹೆಸರಿಟ್ಟವಳು ಯಾವಳೋ ನನ್ನಂಥ ಜ್ಞಾನತಾಯಿ. ಸತ್ತ ಮಗಳ ಹೆಸರಿಗೆ ನಮ್ಮಮ್ಮನ ನಾಲಗೆ ಹೊರಳಲಿಲ್ಲ.”

ಬ್ಲಾಂದೀನ್ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

“ಮರಿ ದೆಲ್ವಿನಾ ಸೋಲಾಂಜ್,” ಅಂದಳು ಅಳುತ್ತಲೇ.

“ಅಲ್ಲ. ಬರೀ ಮರಿ ಸೋಲಾಂಜ್.”

“ಜ್ಞಾನತಾಯಿ ಹೆಸರು?”

“ಪಾದ್ರೀನೂ ಅದನ್ನೇ ಕೇಳಿದ. ನಿಮ್ಮ ಹೆಸರು ಹಾಕಲ್ವೇನಮ್ಮ, ಪದ್ಧತಿ ಅಲ್ವಾ ಅಂದ. ಕೊಡೋಕೆ ನನ್ನ ಹತ್ರ ಹೆಸರಿಲ್ಲ ಫಾದರ್, ನನಗಿರೋದೇ ನಮ್ಮಕ್ಕಂದು ಅಂದೆ. ಅವನಿಗೆ ಏನೂ ಅರ್ಥ ಆಗ್ಲಿಲ್ಲ. ಮುದುಕಿಗೆ ಅರಳುಮರಳು ಅಂದ್ಕೊಂಡ ಅಂತ ಕಾಣುತ್ತೆ.” ದೆಲ್ವಿನಾ ನಗಲು ನೋಡಿದಳು, ನಗು ಬರಲಿಲ್ಲ. “ಅವಳದ್ದು ಅವಳಿಗೆ ಇರ್ಲಿ. ರೊಸಾಲ್ಬಾದು ರೊಸಾಲ್ಬಾಗೆ ಇರ್ಲಿ. ನಂದೇನು, ಇನ್ನೆಷ್ಟು ದಿನ.”

ಅಡುಗೆಮನೆಯಲ್ಲಿ ತೆಲೆಸ್ಫೋರ್ ತಟ್ಟೆ ಇಡಿರೋ, ಹೊಟ್ಟೆ ತಾಳ ಹಾಕ್ತಿದೆ ಎಂದು ಕೂಗುತ್ತಿದ್ದ. ದೆಲ್ವಿನಾ ಎದ್ದು ಟೋಪಿಯ ಪಿನ್ನು ತೆಗೆಯತೊಡಗಿದಳು.

“ಹಾಗಾದ್ರೆ ನಾನು ನಿಮ್ಮನ್ನ ಏನಂತ ಕರೀಲಿ?” ಅಂದಳು ಬ್ಲಾಂದೀನ್.

“ಕರೆದ ಹಾಗೇ ಕರಿ. ಅತ್ತೆ ಅನ್ನೋದು ನನ್ನದೇ, ಅದು ಯಾರಿಂದಾನೂ ಬಂದದ್ದಲ್ಲ.”

“ಅತ್ತೆ.”

“ಹೂಂ. ಇಲ್ಲೇ ಇದೀನಿ, ಹೇಳು.”